ಇಪ್ಪತ್ತನೇ ದಿನಕ್ಕೆ ಜ್ವರ: ಇದು ಎಚ್‌ಐವಿನಾ?

ಪ್ರಶ್ನೆ: 20 ದಿನದ ಹಿಂದೆ, ಅಷ್ಟಾಗಿ ಪರಿಚಯವಿಲ್ಲದ ಒಬ್ಬ ಮಹಿಳೆಯ ಜೊತೆ ಸೇರಿದ್ದೆ. ಕಾಂಡೋಮ್ ಹರಿದಿದ್ದು ಆಮೇಲೆ ಗೊತ್ತಾಯಿತು. ಅವರಿಗೆ ಎಚ್‌ಐವಿ ಇದೆಯೋ ಇಲ್ಲವೋ ತಿಳಿಯದು. 10ನೇ ದಿನ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಈಗ ಎರಡು ದಿನದಿಂದ ಜ್ವರ, ಗಂಟಲು ನೋವು. ನಾಲಿಗೆ ಬೆಳ್ಳಗಾಗಿದೆ ಅನ್ನಿಸುತ್ತಿದೆ. ನಿದ್ದೆ ಇಲ್ಲ. ನನಗೆ ಎಚ್‌ಐವಿ ಬಂದಿದೆಯಾ?

ಉತ್ತರ: ನಿಮಗೆ ಉತ್ತರ ಹೇಳುವ ಮೊದಲು ಬೇರೆ ಓದುಗರಿಗೆ ಒಂದು ಮಾತು. ಇಂಥದ್ದು ನಿಮಗೆ ನಿನ್ನೆಯೋ ಮೊನ್ನೆಯೋ ಆಗಿದ್ದರೆ, ಇದನ್ನು ಓದುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ ‘ಪೆಪ್’ ಬೇಕು ಅಂತ ಕೇಳಿ. ವೈರಸ್ ಮೈಯಲ್ಲಿ ನೆಲೆಯೂರದ ಹಾಗೆ ತಡೆಯುವ ಮಾತ್ರೆಗಳು ಅವು. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ಬಿಡದೆ ನುಂಗಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಈಗ ನಿಮ್ಮ ವಿಷಯ. ಬಂದಿದೆಯಾ ಅಂತ ಈ ಹೊತ್ತಿಗೆ ನಾನು ಹೇಳಲಾರೆ, ನಿಮ್ಮ ಜ್ವರವೂ ಹೇಳಲಾರದು. ಆದರೆ ಬಂದಿರುವ ಸಾಧ್ಯತೆ ನಿಮ್ಮ ಭಯ ಹೇಳುತ್ತಿರುವುದಕ್ಕಿಂತ ತುಂಬಾ ಕಡಿಮೆ.

ಲೆಕ್ಕ ನೋಡಿ. ಎಚ್‌ಐವಿ ಇದ್ದೂ ಚಿಕಿತ್ಸೆ ತೆಗೆದುಕೊಳ್ಳದ ಹೆಣ್ಣಿನ ಜೊತೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗ 10,000 ಸಲ ನಡೆದರೆ, ಗಂಡಿಗೆ ಸೋಂಕು ತಗಲುವುದು ಸುಮಾರು 4 ಸಲ. ಗಂಡಿಗೆ ಸೋಂಕಿದ್ದು ಹೆಣ್ಣಿಗೆ ತಗಲುವುದು ಸುಮಾರು 8 ಸಲ. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ ಇದು 138ಕ್ಕೆ ಏರುತ್ತದೆ. ಅಲ್ಲಿನ ಒಳಪದರ ತೀರಾ ತೆಳು, ಬೇಗ ಗಾಯವಾಗುತ್ತದೆ. ಬಾಯಿಯ ಮೂಲಕ ನಡೆಯುವ ಸಂಭೋಗದಲ್ಲಿ ಅಪಾಯ ತೀರಾ ಕಡಿಮೆ. ಮುತ್ತು, ಎಂಜಲು, ಬೆವರು, ಸೊಳ್ಳೆ ಕಡಿತದಿಂದ ಎಚ್‌ಐವಿ ಬರುವುದಿಲ್ಲ.

ಈ ಲೆಕ್ಕದಲ್ಲಿ ಒಂದು ‘ಇದ್ದರೆ’ ಇದೆ. ಅವರಿಗೆ ಎಚ್‌ಐವಿ ಇದ್ದರೆ ಮಾತ್ರ ಆ 4. ಅದು ಇರುವುದೇ ನಿಮಗೆ ಖಾತ್ರಿಯಿಲ್ಲ, ಅಲ್ವಾ? ಇದ್ದರೂ, ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ, ಅವರಿಂದ ಸಂಭೋಗದ ಮೂಲಕ ಹರಡುವುದೇ ಇಲ್ಲ. ಹಾಗಂತ 4 ಅನ್ನುವುದು ಸೊನ್ನೆ ಅಲ್ಲ. ಇಬ್ಬರಲ್ಲಿ ಒಬ್ಬರಿಗೆ ಜನನಾಂಗದ ಹುಣ್ಣೋ ಬೇರೆ ಲೈಂಗಿಕ ಸೋಂಕೋ ಇದ್ದರೆ ಅಪಾಯ ಜಾಸ್ತಿಯಾಗುತ್ತದೆ. ಆ ಕಡೆಯವರಿಗೆ ಸೋಂಕು ಹೊಸದಾಗಿ ತಗಲಿದ್ದರೂ ಅಷ್ಟೇ, ಆಗ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಅದಕ್ಕೇ ಟೆಸ್ಟ್ ಬೇಕು ಅನ್ನುವುದು.

ನಿಮ್ಮನ್ನು ನಿಜವಾಗಿ ಹೆದರಿಸಿರುವುದು ಜ್ವರ. ಎಚ್‌ಐವಿ ತಗಲಿದ ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರಬಹುದು ಅನ್ನುವುದು ನಿಜ. ನೀವು ಅದನ್ನು ಎಲ್ಲೋ ಓದಿಯೇ ಇರುತ್ತೀರಿ. ಆದರೆ ಮಾಮೂಲಿ ಫ್ಲೂಗೂ ಇವೇ ಲಕ್ಷಣ. ಇನ್ನೊಂದು ಕಡೆ, ಎಚ್‌ಐವಿ ತಗಲಿಯೂ ಏನೂ ಗೊತ್ತಾಗದೆ ಓಡಾಡಿಕೊಂಡಿರುವವರಿದ್ದಾರೆ. ಜ್ವರ ಬಂದರೆ ಇದೆ ಅಂತಲ್ಲ, ಬರದಿದ್ದರೆ ಇಲ್ಲ ಅಂತಲೂ ಅಲ್ಲ. ಇನ್ನು ನಾಲಿಗೆ. ದಿನಕ್ಕೆ ಹತ್ತು ಸಲ ಟಾರ್ಚ್ ಹಾಕಿ ನೋಡಿದರೆ ಯಾರ ನಾಲಿಗೆಯೂ ಬೆಳ್ಳಗೇ ಕಾಣುತ್ತದೆ. ಕುತ್ತಿಗೆಯ ಗಂಟು ಹುಡುಕಿ ಒತ್ತುತ್ತಲೇ ಇದ್ದರೆ ಒತ್ತಿದ್ದಕ್ಕೇ ಅದು ನೋಯುತ್ತದೆ. ನೀವು ಅದನ್ನೂ ಮಾಡುತ್ತಿರಬಹುದು ಅಂತ ನನ್ನ ಊಹೆ!

ಹಾಗಾಗಿ ಮೈಯನ್ನು ಕೇಳುವುದು ಬಿಟ್ಟು ದಿನ ಎಣಿಸಿ. 10ನೇ ದಿನದ ಟೆಸ್ಟ್ ಈ ಘಟನೆಯ ಬಗ್ಗೆ ಏನೂ ಹೇಳುವುದಿಲ್ಲ. ಅದು ಹೇಳಿದ್ದು ಇಷ್ಟೇ: ಇದಕ್ಕೂ ಮೊದಲು ನಿಮಗೆ ಎಚ್‌ಐವಿ ಇದ್ದಂತಿಲ್ಲ. ವೈರಸ್ ಒಳಗೆ ಬಂದ ಮೇಲೆ ಟೆಸ್ಟಿಗೆ ಸಿಗುವಷ್ಟು ಬೆಳೆಯಲು ಸಮಯ ಬೇಕು. ಇದನ್ನೇ ವಿಂಡೋ ಪೀರಿಯಡ್ ಅನ್ನುವುದು, ಮತ್ತು ಅದು ಟೆಸ್ಟಿನಿಂದ ಟೆಸ್ಟಿಗೆ ಬೇರೆ. ‘ಫೋರ್ತ್ ಜನರೇಷನ್’ ಟೆಸ್ಟು, ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯದ ಜೊತೆಗೆ ಪಿ24 ಅನ್ನುವ ವೈರಸ್ಸಿನ ಪ್ರೋಟೀನನ್ನೂ ಹುಡುಕುತ್ತದೆ. ತೋಳಿನಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡಿದರೆ ಸಾಮಾನ್ಯವಾಗಿ 18ರಿಂದ 45 ದಿನದೊಳಗೆ ಸೋಂಕು ಸಿಕ್ಕಿಬೀಳುತ್ತದೆ. ಬೆರಳು ಚುಚ್ಚಿ ಮಾಡುವ ಟೆಸ್ಟು, ಮನೆಯಲ್ಲೇ ಮಾಡಿಕೊಳ್ಳುವ ಕಿಟ್ಟುಗಳಾದರೆ 90 ದಿನ ಕಾಯಬೇಕು. ಪೆಪ್ ತೆಗೆದುಕೊಂಡವರಿಗೆ ಈ ಎಣಿಕೆ ಅನ್ವಯಿಸುವುದಿಲ್ಲ, ಅವರಿಗೆ ಯಾವಾಗ ಅಂತ ಡಾಕ್ಟರೇ ಹೇಳಬೇಕು.

ಜ್ವರಕ್ಕಂತೂ ಡಾಕ್ಟರ ಹತ್ತಿರ ಹೋಗಲೇಬೇಕು. ಹೋದಾಗ ಇಪ್ಪತ್ತು ದಿನದ ಹಿಂದಿನ ಕಥೆಯನ್ನು ನುಂಗಬೇಡಿ, ನಾಚಿಕೆ ಬಿಟ್ಟು ಹೇಳಿಬಿಡಿ. ಅವರಿಗೆ ಬೇಕೆನಿಸಿದರೆ ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಟೆಸ್ಟ್ ಬರೆಯಬಹುದು. ಅದು 10ರಿಂದ 33 ದಿನದೊಳಗೆ ಸುಳಿವು ಕೊಡುತ್ತದೆ. ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟನ್ನೂ ಕೇಳಿ. ಎಚ್‌ಐವಿ ಅಂತ ಹೆದರಿದವರು ಇವನ್ನು ಮರೆತೇಬಿಡುತ್ತಾರೆ.

45ನೇ ದಿನದ ಲ್ಯಾಬ್ ಟೆಸ್ಟೂ ನೆಗೆಟಿವ್ ಬಂದು, ಆಮೇಲೂ ‘ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿರಬಹುದಾ’ ಅಂತ ಅನ್ನಿಸಿದರೆ? ಆರನೇ, ಏಳನೇ ಟೆಸ್ಟಿಗೆ ಓಡಬೇಡಿ. ಆಗ ನಿದ್ದೆ ಕೆಡಿಸುತ್ತಿರುವುದು ವೈರಸ್ ಅಲ್ಲ. ಹೆಚ್ಚಿನ ಸಲ ಅದು ತಪ್ಪು ಮಾಡಿದೆ ಅನ್ನುವ ಕೊರಗು. ಅದಕ್ಕೆ ಎಷ್ಟು ರಿಪೋರ್ಟ್ ತೋರಿಸಿದರೂ ಸಾಲದು. ಆಪ್ತಸಮಾಲೋಚಕರ ಹತ್ತಿರ ಎರಡು ಸಲ ಮಾತಾಡಿದರೆ ಇದಕ್ಕಿಂತ ಜಾಸ್ತಿ ಉಪಯೋಗ.

ಪಾಸಿಟಿವ್ ಬಂದರೆ? ದಿನಕ್ಕೊಂದು ಮಾತ್ರೆಯಲ್ಲಿ ನಡೆಯುವ ಚಿಕಿತ್ಸೆ ಇವತ್ತು ಇದೆ. ಬೇಗ ಶುರು ಮಾಡಿ ತಪ್ಪದೆ ತೆಗೆದುಕೊಂಡವರು ಉಳಿದವರಷ್ಟೇ ಕಾಲ ಬದುಕಬಹುದು, ಮದುವೆ ಮಕ್ಕಳು ಎಲ್ಲವೂ ಆಗುತ್ತದೆ. 1996ಕ್ಕಿಂತ ಮೊದಲು ಔಷಧಗಳನ್ನು ಜೋಡಿಸಿ ಕೊಡುವ ಈ ಚಿಕಿತ್ಸೆ ಇರಲಿಲ್ಲ, ಆ ಕಾಲದ ಚಿತ್ರವೇ ನಮ್ಮ ತಲೆಯಲ್ಲಿ ಇನ್ನೂ ಕೂತಿದೆ.

ನಿಮಗೆ ಉಳಿದಿರುವುದು ಇನ್ನು 25 ದಿನ. ಅಲ್ಲಿಯವರೆಗೆ ರಕ್ತದಾನ ಬೇಡ. ಯಾರ ಜೊತೆ ಸೇರಿದರೂ, ಹೆಂಡತಿಯೇ ಆಗಿದ್ದರೂ, ಕಾಂಡೋಮ್ ಇರಲಿ. ಆ ದಿನ ಲ್ಯಾಬಿನಲ್ಲಿ ‘ಇದು ಫೋರ್ತ್ ಜನರೇಷನ್ ಟೆಸ್ಟಾ, ತೋಳಿನಿಂದ ರಕ್ತ ತೆಗೀತೀರಾ’ ಅಂತ ಕೇಳಿ. ಎರಡಕ್ಕೂ ಹೌದು ಅಂದರೆ ಮಾತ್ರ ಕೈ ಚಾಚಿ.