ಮುಟ್ಟು ನಿಲ್ಲುವ ಮುನ್ನ: ಹಾರ್ಮೋನಿನ ಪ್ರಮಾಣವನ್ನು ಗೊತ್ತುಮಾಡುವ ಬಗೆ

ಬೇಲೂರು ಕಡೆಯ ಹಳ್ಳಿಯೊಂದರಿಂದ ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ನಲವತ್ತೇಳು ವರ್ಷದ ಹೆಣ್ಣುಮಗಳೊಬ್ಬರು ಮೊದಲ ದಿನವೇ ನನ್ನ ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟರು. ಒಂದು, ರಕ್ತಪರೀಕ್ಷೆಯ ವರದಿಗಳಿದ್ದ ದಪ್ಪನೆಯ ಕವರು. ಇನ್ನೊಂದು, ಡೇರಿಗೆ ಹಾಲು ಹಾಕುವ ಪುಸ್ತಕ. ಅದರ ಕೊನೆಯ ಹಾಳೆಗಳಲ್ಲಿ ಅವರು ಮುಟ್ಟಾದ ದಿನಕ್ಕೆ ಒಂದು ಸುತ್ತು, ರಾತ್ರಿ ಬೆವತು ಎದ್ದು ಕುಳಿತ ದಿನಕ್ಕೆ ಒಂದು ಗೆರೆ, ಎರಡು ಸಲ ಎದ್ದಿದ್ದರೆ ಎರಡು ಗೆರೆ ಹಾಕಿಟ್ಟಿದ್ದರು. “ಇದ್ರಲ್ಲಿ ನಿಮಗೆ ಯಾವ್ದು ಬೇಕೋ ನೋಡ್ಕಳಿ ಮೇಡಂ” ಎಂದರು. ನನಗೆ ಹೆಚ್ಚು ಬೇಕಾಗಿದ್ದದ್ದು ಹಾಲಿನ ಪುಸ್ತಕ.

ಕವರಿನಲ್ಲಿದ್ದ ಮೂರು ವರದಿಗಳಲ್ಲಿ ಎಫ್‌ಎಸ್‌ಎಚ್ ಎಂಬ, ಅಂಡಾಶಯ ಸೋತಷ್ಟೂ ಏರುವ ಹಾರ್ಮೋನಿನ ಅಂಕಿ ಒಮ್ಮೆ 11, ಒಮ್ಮೆ 52, ಮತ್ತೊಮ್ಮೆ 17 ಎಂದಿತ್ತು. ಮೊದಲನೆಯದನ್ನು ನೋಡಿದವರು ಅವರಿಗೆ ಏನೂ ಆಗಿಲ್ಲ ಎಂದಿದ್ದರು; ಎರಡನೆಯದನ್ನು ನೋಡಿದವರು ಮುಟ್ಟು ನಿಂತೇಹೋಯಿತು ಎಂದಿದ್ದರು; ಮರುತಿಂಗಳೇ ಮುಟ್ಟಾಗಿತ್ತು. ಲ್ಯಾಬಿನವರು ತಪ್ಪು ಮಾಡಿರಲಿಲ್ಲ. ಋತುಬಂಧಕ್ಕೆ ಮುಂಚಿನ ಈ ಹಂತದಲ್ಲಿ, ಅಂದರೆ ಪೆರಿಮೆನೋಪಾಸ್‌ನಲ್ಲಿ, ಅಂಡಾಶಯ ಇನ್ನೂ ಕೆಲಸ ನಿಲ್ಲಿಸಿರುವುದಿಲ್ಲ. ಒಂದು ತಿಂಗಳು ಹರೆಯದಲ್ಲಿ ಸುರಿಸಿದ್ದಕ್ಕಿಂತಲೂ ಹೆಚ್ಚು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಸುರಿಸಿ, ಇನ್ನೊಂದು ತಿಂಗಳು ಏನನ್ನೂ ಕೊಡದೆ ಸುಮ್ಮನಾಗಿಬಿಡುತ್ತದೆ. ಹೀಗೆ ದಿನದಿನಕ್ಕೂ ಏರಿಳಿಯುವುದನ್ನು ಒಂದು ಬೆಳಗಿನ ರಕ್ತದಲ್ಲಿ ಅಳೆದರೆ ಆ ಬೆಳಗಿನ ಸ್ಥಿತಿ ತಿಳಿಯುತ್ತದೆಯೇ ಹೊರತು ಔಷಧದ ಪ್ರಮಾಣ ತಿಳಿಯುವುದಿಲ್ಲ. ಆದ್ದರಿಂದ ನಲವತ್ತೈದು ದಾಟಿದ ಮಹಿಳೆಗೆ ಮುಟ್ಟು ಹಿಂದುಮುಂದಾಗಿ, ಮೈ ಕಾವೇರಿ ಬೆವರುವ ಲಕ್ಷಣಗಳಿದ್ದರೆ, ಅವರ ಮಾತನ್ನು ಕೇಳಿಯೇ ಈ ಹಂತವನ್ನು ಗುರುತಿಸಬೇಕು. ಅದಕ್ಕೆಂದು ಹಾರ್ಮೋನು ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ಆದರೆ ಬೇರೆ ಕೆಲವು ಪರೀಕ್ಷೆಗಳನ್ನು ನಾನು ಬಿಡುವುದಿಲ್ಲ. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆಬಡಿತ ಇರುತ್ತವೆ, ರಕ್ತಹೀನತೆಯಿಂದಲೂ ಸುಸ್ತಾಗುತ್ತದೆ, ಮುಟ್ಟು ತಪ್ಪಿದ್ದು ಗರ್ಭ ನಿಂತಿದ್ದರಿಂದಲೂ ಆಗಿರಬಹುದು. ಬಿಪಿ, ಸ್ತನ, ಮನೆಯವರ ಕಾಯಿಲೆಗಳ ವಿವರ ಇವನ್ನೂ ನೋಡಬೇಕು. ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಮೊದಲು ಅದರ ಮೂಲವನ್ನು ಹುಡುಕಬೇಕು. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ಯಕೃತ್ತಿನ ಕಾಯಿಲೆ ಚಾಲ್ತಿಯಲ್ಲಿರುವವರಿಗೆ, ಇತ್ತೀಚೆಗೆ ಹೃದಯಾಘಾತವಾಗಿದ್ದವರಿಗೆ ಅಥವಾ ರಕ್ತ ಹೆಪ್ಪುಗಟ್ಟಿದ್ದವರಿಗೆ ಈ ಲಕ್ಷಣಗಳನ್ನು ತಗ್ಗಿಸುವ ಹಾರ್ಮೋನು ಚಿಕಿತ್ಸೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಶುರು ಮಾಡುವಾಗ ಕಡಿಮೆ ಪ್ರಮಾಣದಿಂದಲೇ ಶುರು ಮಾಡುತ್ತೇನೆ. ಮಾತ್ರೆಯಾದರೆ ದಿನಕ್ಕೆ 1 ಮಿಲಿಗ್ರಾಂ ಈಸ್ಟ್ರಡೈಯಾಲ್, ಅಂದರೆ ಈಸ್ಟ್ರೊಜೆನ್‌ನ ಒಂದು ಬಗೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಆದರೆ ದಿನಕ್ಕೆ 25ರಿಂದ 50 ಮೈಕ್ರೋಗ್ರಾಂ ಬಿಡುವಂಥದ್ದು. ಜೆಲ್ ಆದರೆ ಪಂಪಿನ ಒಂದು ಅಥವಾ ಎರಡು ಒತ್ತು. ಶೇಕಡಾ 0.06ರ ಜೆಲ್‌ನಲ್ಲಿ 1.25 ಗ್ರಾಂ ಬರುವ ಒಂದು ಒತ್ತಿನಲ್ಲಿ 0.75 ಮಿಲಿಗ್ರಾಂ ಈಸ್ಟ್ರಡೈಯಾಲ್ ಇರುತ್ತದೆ. ಚರ್ಮದ ಮೂಲಕ ಹೋಗುವ ಔಷಧ ಮೊದಲು ಯಕೃತ್ತನ್ನು ಹಾಯುವುದಿಲ್ಲವಾದ್ದರಿಂದ, ವಾಡಿಕೆಯ ಪ್ರಮಾಣದಲ್ಲಿ ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದಿಲ್ಲ; ಮಾತ್ರೆ ಸ್ವಲ್ಪ ಹೆಚ್ಚಿಸುತ್ತದೆ. ತೂಕ ಹೆಚ್ಚಿರುವವರಿಗೆ, ಬಿಪಿ ಇರುವವರಿಗೆ, ಮೈಗ್ರೇನ್ ತಲೆನೋವಿನವರಿಗೆ ನಾನು ಜೆಲ್ಲನ್ನೇ ಹೇಳುವುದು ಇದಕ್ಕಾಗಿ. ಮಾತ್ರೆಯ ಬೆಲೆ ಕಡಿಮೆ ಎಂಬುದು ನಿಜ. ಬೇರೆ ತೊಂದರೆಯಿಲ್ಲದ, ತಿಂಗಳ ಖರ್ಚು ನೋಡಿಕೊಳ್ಳಬೇಕಾದ ಮನೆಯವರಿಗೆ ಅದನ್ನು ಕೊಡಲು ನಾನು ಹಿಂಜರಿಯುವುದಿಲ್ಲ.

ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ತಡೆಯುವವರಿಲ್ಲದಿದ್ದರೆ ವರ್ಷಗಳು ಕಳೆದಂತೆ ಅದು ಕ್ಯಾನ್ಸರಿಗೂ ತಿರುಗಬಹುದು. ತಡೆಯುವ ಕೆಲಸ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನದು. ಮುಟ್ಟು ಇನ್ನೂ ಬರುತ್ತಿರುವವರಿಗೆ ತಿಂಗಳಲ್ಲಿ 12ರಿಂದ 14 ದಿನ, ರಾತ್ರಿ ಮಲಗುವಾಗ 200 ಮಿಲಿಗ್ರಾಂ ಕ್ಯಾಪ್ಸೂಲ್ ಕೊಡುತ್ತೇವೆ. ಲೆಕ್ಕ ತಪ್ಪದಿರಲೆಂದು ನಾನು ಪ್ರತಿ ತಿಂಗಳ 1ನೇ ತಾರೀಖಿನಿಂದ 12ನೇ ತಾರೀಖಿನವರೆಗೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದುಕೊಳ್ಳಲು ಹೇಳುತ್ತೇನೆ. ನಿಲ್ಲಿಸಿದ ಕೆಲವು ದಿನಗಳಲ್ಲಿ ಮುಟ್ಟಿನಂತೆ ರಕ್ತ ಹೋಗುತ್ತದೆ, ಅದು ನಿರೀಕ್ಷಿತವೇ. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ದಿನವೂ 100 ಮಿಲಿಗ್ರಾಂಗೆ ಬದಲಾಯಿಸಬಹುದು.

ಪ್ರಮಾಣವನ್ನು ಬದಲಾಯಿಸುವ ಆತುರವೇ ಈ ಚಿಕಿತ್ಸೆಯಲ್ಲಿ ಹೆಚ್ಚು ತೊಂದರೆ ಕೊಡುವುದು. ಅದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ವೃತ್ತಿಯ ಮೊದಲ ವರ್ಷಗಳಲ್ಲಿ, ಸಕಲೇಶಪುರದ ಕಾಫಿ ತೋಟದ ಮನೆಯಿಂದ ಬರುತ್ತಿದ್ದ ಒಬ್ಬ ತಾಯಿ ನಾಲ್ಕೇ ವಾರಕ್ಕೆ ಬಂದು, ಡಿಸೆಂಬರಿನ ಚಳಿಯಲ್ಲಿಯೂ ನಡುರಾತ್ರಿ ಕಂಬಳಿ ಒದ್ದು ಅಂಗಳಕ್ಕೆ ಹೋಗಿ ನಿಲ್ಲಬೇಕಾಗುತ್ತಿದೆ ಎಂದು ಕಣ್ಣೀರು ಹಾಕಿದಾಗ, ನಾನು ಮರುಕದಿಂದ ಪ್ರಮಾಣವನ್ನು ಇಮ್ಮಡಿ ಮಾಡಿದೆ. ಅದೇ ತಿಂಗಳು ಅವರ ಅಂಡಾಶಯವೂ ತನ್ನ ಪಾಲನ್ನು ಸುರಿಸಿತು. ಎರಡೂ ಸೇರಿ ಸ್ತನ ಮುಟ್ಟಲಾಗದಷ್ಟು ನೋವು, ಹೊಟ್ಟೆಯುಬ್ಬರ, ಗಡ್ಡೆಗಡ್ಡೆಯಾಗಿ ರಕ್ತಸ್ರಾವ. ಅವರು ಹೆದರಿ ಔಷಧವನ್ನೇ ಬಿಟ್ಟರು, ಮತ್ತೆ ಶುರು ಮಾಡಲು ಒಪ್ಪಲೇ ಇಲ್ಲ. ಆ ದಿನ ಅವರಿಗೆ ಬೇಕಾಗಿದ್ದದ್ದು ಇನ್ನೂ ಎಂಟು ವಾರದ ಕಾಲಾವಕಾಶ. ಮೈ ಕಾವೇರುವುದು ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗತೊಡಗಿದರೂ ಔಷಧದ ಪೂರ್ತಿ ಫಲ ತಿಳಿಯಲು ಸುಮಾರು ಮೂರು ತಿಂಗಳು ಬೇಕು ಎಂಬುದನ್ನು ಈಗ ಮೊದಲ ಭೇಟಿಯಲ್ಲೇ, ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ.

ಮೂರು ತಿಂಗಳ ಮೇಲೂ ರಾತ್ರಿ ಬೆವರು, ನಿದ್ರೆಗೇಡು ಹಾಗೆಯೇ ಇದ್ದರೆ ಪ್ರಮಾಣ ಸಾಲದು ಎಂದು ತಿಳಿಯಬಹುದು. ಸ್ತನನೋವು, ವಾಕರಿಕೆ, ಕಾಲಿನ ಸೆಳೆತ, ಹೆಚ್ಚು ರಕ್ತಸ್ರಾವ ಕಂಡರೆ ಹೆಚ್ಚಾಯಿತೇನೋ ಎಂದು ನೋಡಬೇಕು. ಪ್ರತಿ ತಿಂಗಳೂ ಕ್ಯಾಪ್ಸೂಲ್ ನುಂಗುವ ಆ ಹನ್ನೆರಡು ದಿನಗಳಲ್ಲಷ್ಟೇ ಮನಸ್ಸು ಕುಗ್ಗಿ, ಸಿಡುಕು ಬಂದರೆ ತೊಂದರೆ ಪ್ರೊಜೆಸ್ಟರಾನಿನದು. ಆಗ ಈಸ್ಟ್ರೊಜೆನ್ ಏರಿಸಿ ಪ್ರಯೋಜನವಿಲ್ಲ. ಅಂಥವರಿಗೆ ಗರ್ಭಕೋಶದೊಳಗೆ ಕೂರಿಸುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರಲ್ (ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು) ಸಾಧನವೊಂದಿದೆ. ಅದು ಒಳಪದರವನ್ನೂ ಕಾಯುತ್ತದೆ, ಗರ್ಭವನ್ನೂ ತಡೆಯುತ್ತದೆ. ಗರ್ಭ ತಡೆಯುವ ಮಾತು ಇಲ್ಲಿ ಮುಖ್ಯ, ಏಕೆಂದರೆ ಈ ಹಾರ್ಮೋನು ಚಿಕಿತ್ಸೆಯೇ ಗರ್ಭನಿರೋಧಕವಲ್ಲ. ಐವತ್ತರೊಳಗಿನವರು ಕೊನೆಯ ಮುಟ್ಟಿನ ನಂತರ ಎರಡು ವರ್ಷ, ಐವತ್ತು ದಾಟಿದವರು ಒಂದು ವರ್ಷ ಎಚ್ಚರದಿಂದಿರಬೇಕು. ಇನ್ನು, ಮೂತ್ರದ ಉರಿ, ಯೋನಿಯ ಒಣಗುವಿಕೆ ಮಾತ್ರ ಉಳಿದಿದ್ದರೆ ಅದಕ್ಕೆಂದು ಇಡೀ ಮೈಗೆ ಹೋಗುವ ಪ್ರಮಾಣವನ್ನು ಏರಿಸಬೇಕಿಲ್ಲ. ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಸಾಕು.

ಏರಿಸುವ ಮುನ್ನ ನಾನು ಕೇಳುವ ಪ್ರಶ್ನೆ ಒಂದೇ: “ಹೇಗೆ ಹಚ್ಚಿಕೊಳ್ತೀರಮ್ಮ, ನನ್ನ ಮುಂದೆ ಮಾಡಿ ತೋರಿಸಿ.” ಎಣ್ಣೆ ಹಚ್ಚಿದ ತೋಳಿನ ಮೇಲೆಯೇ ಜೆಲ್ ಸವರಿಕೊಳ್ಳುವವರಿದ್ದಾರೆ, ಹಚ್ಚಿದ ತಕ್ಷಣ ಸೀರೆ ಸುತ್ತಿಕೊಂಡು, ಔಷಧವನ್ನು ಬಟ್ಟೆಗೇ ಒರೆಸಿಬಿಡುವವರಿದ್ದಾರೆ. ತೊಳೆದು ಒರೆಸಿದ ತೋಳಿಗೋ ತೊಡೆಗೋ ತೆಳ್ಳಗೆ ಹರಡಿ, ಐದು ನಿಮಿಷ ಆರಲು ಬಿಡಬೇಕು, ಕೈ ತೊಳೆದುಕೊಳ್ಳಬೇಕು, ಹಚ್ಚಿದ ಜಾಗಕ್ಕೆ ಮೊಮ್ಮಕ್ಕಳ ಮೈ ತಾಗದಂತೆ ನೋಡಿಕೊಳ್ಳಬೇಕು. ಫಿಟ್ಸಿಗೆ ಕಾರ್ಬಮಜೆಪೈನ್ ಅಥವಾ ಫೆನಿಟಾಯಿನ್ ನುಂಗುವವರಲ್ಲಿ ಈಸ್ಟ್ರೊಜೆನ್ ಬೇಗ ಕರಗಿಹೋಗುತ್ತದೆ. ಥೈರಾಕ್ಸಿನ್ ನುಂಗುವವರು ಈಸ್ಟ್ರೊಜೆನ್ ಮಾತ್ರೆ ಶುರು ಮಾಡಿದರೆ ಆ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನೇ ಏರಿಸಬೇಕಾಗಬಹುದು.

ಕ್ಯಾನ್ಸರಿನ ಭಯದ ಬಗ್ಗೆ ಹೇಳದೆ ಈ ವಿಷಯ ಪೂರ್ತಿಯಾಗದು. ಅದರ ಬೇರು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದಲ್ಲಿದೆ. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಅವರಿಗೆ ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮತ್ತು ಕೃತಕ ಪ್ರೊಜೆಸ್ಟಿನ್. ಅಲ್ಲಿ ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್ ಹಾರ್ಮೋನು ಪಡೆಯದವರಲ್ಲಿ 30, ಪಡೆದವರಲ್ಲಿ 38 ಇತ್ತು. ಆ ಎಂಟನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇದೇ ಭಯದಿಂದ ಹಾರ್ಮೋನು ಬೇಡವೆಂದವರು “ಗರ್ಭಕೋಶ ತೆಗೆದುಬಿಡಿ, ಎಲ್ಲ ಸರಿಹೋಗುತ್ತೆ” ಎಂದು ಕೇಳಿಕೊಂಡು ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗರ್ಭಕೋಶ ತೆಗೆದರೆ ಮೈ ಕಾವೇರುವುದು ನಿಲ್ಲುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ.

ಹಾಲಿನ ಪುಸ್ತಕದವರಿಗೆ ಒಂದು ಒತ್ತು ಜೆಲ್ ಮತ್ತು ಕ್ಯಾಪ್ಸೂಲಿನಿಂದ ಶುರು ಮಾಡಿದೆ. ಮೂರು ತಿಂಗಳಿಗೆ ಗೆರೆಗಳು ಅರ್ಧಕ್ಕೆ ಇಳಿದಿದ್ದವು. ಎರಡು ಒತ್ತಿಗೆ ಏರಿಸಿದೆ. ಆರನೆಯ ತಿಂಗಳ ಹಾಳೆಯಲ್ಲಿ ಗೆರೆಗಳು ನಾಲ್ಕೇ ಇದ್ದವು, ಆದರೆ ಸುತ್ತುಗಳ ನಡುವೆ ಚುಕ್ಕೆಗಳು ಕಾಣಿಸಿದ್ದವು. ನಡುನಡುವೆ ರಕ್ತ ಕಂಡದ್ದಕ್ಕೆ ಅವರೇ ಹಾಕಿಕೊಂಡ ಗುರುತು ಅದು. ಕೇಳಿದರೆ, ಬೆಳಿಗ್ಗೆ ಹಾಲು ಕರೆಯಲು ಏಳುವಾಗ ತಲೆ ಭಾರವೆಂದು ಕ್ಯಾಪ್ಸೂಲನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರಂತೆ. ಸ್ಕ್ಯಾನಿಂಗ್ ಮಾಡಿಸಿದೆವು, ಒಳಪದರ ಸರಿಯಾಗಿತ್ತು. ಬೆಳಿಗ್ಗೆಯ ಹೊತ್ತಿಗೆ ತಲೆಭಾರ ಇಳಿಯಲೆಂದು, ರಾತ್ರಿ ಹತ್ತೂವರೆಗೆ ನುಂಗುತ್ತಿದ್ದ ಕ್ಯಾಪ್ಸೂಲನ್ನು ಎಂಟೂವರೆಗೆ ತಂದೆವು, ಜೆಲ್ಲನ್ನು ಎರಡು ಒತ್ತಿಗೇ ಬಿಟ್ಟೆವು. ಮುಂದಿನ ಭೇಟಿಗೆ ಅವರು ಹೊಸ ಪುಸ್ತಕ ತಂದಿದ್ದರು; ಹಳೆಯದರಲ್ಲಿ ಹಾಳೆ ಮುಗಿದಿತ್ತು. ಹೊಸದರ ಕೊನೆಯ ಪುಟದಲ್ಲಿ ಎರಡು ತಿಂಗಳಿಗೆ ಎರಡು ಸುತ್ತು, ಒಂದು ಗೆರೆ ಇತ್ತು, ಚುಕ್ಕೆ ಇರಲಿಲ್ಲ.