ಸರಾಸರಿಗೆ ಆರ್ಡರ್ ಹಾಕಬೇಡಿ

ಸೀಸನ್ ಶುರುವಾಗಲು ಆರು ತಿಂಗಳಿರುವಾಗ ಕ್ರೀಡಾ ಉಡುಪಿನ ವ್ಯಾಪಾರಿಗಳು ಕೇಳುವ ಪ್ರಶ್ನೆ ಸದಾ ಒಂದೇ: "ಈ ಜರ್ಸಿ ಎಷ್ಟು ಹೋಗುತ್ತೆ? ಒಂದು ನಂಬರ್ ಹೇಳಿಬಿಡಿ." ಹೇಳಿದ ಮರುಗಳಿಗೆಯೇ ಆ ಸಂಖ್ಯೆ ಖರೀದಿ ಆರ್ಡರಿನಲ್ಲಿ ಹೋಗಿ ಕೂರುತ್ತದೆ. ಸಾವಿರ ಹೋಗಬಹುದು ಎಂದರೆ ಸಾವಿರಕ್ಕೆ ಆರ್ಡರ್. ವರ್ಷದ ಲಾಭ ಸೋರುವುದು ಇಲ್ಲೇ. ಎಷ್ಟು ಹೋಗಬಹುದು ಎನ್ನುವುದು ಒಂದು ಪ್ರಶ್ನೆ, ಎಷ್ಟು ತರಿಸಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಗಿರಾಕಿಯ ಕೈಯಲ್ಲಿದೆ. ಎರಡನೆಯದಕ್ಕೆ ಉತ್ತರ ನಿಮ್ಮದೇ ಲೆಕ್ಕಪತ್ರದಲ್ಲಿದೆ: ಮಾಲು ಸಾಲದಿದ್ದರೆ ಕಳೆದುಕೊಳ್ಳುವುದೆಷ್ಟು, ಮಿಕ್ಕಿದರೆ ಕಳೆದುಕೊಳ್ಳುವುದೆಷ್ಟು.

ಒಂದು ಲೆಕ್ಕ ಹಾಕೋಣ. ಜರ್ಸಿಯ ಖರೀದಿ ಬೆಲೆ 100, ಮಾರುವ ಬೆಲೆ 180, ಸೀಸನ್ ಮುಗಿದ ಮೇಲೆ ಕ್ಲಿಯರೆನ್ಸಿನಲ್ಲಿ ಸಿಗುವುದು 60 ಎಂದಿಟ್ಟುಕೊಳ್ಳಿ. ಗಿರಾಕಿ ಬಂದಾಗ ಮಾಲಿಲ್ಲದಿದ್ದರೆ ಕೈತಪ್ಪುವುದು 80. ಮಾಲಿದ್ದು ಗಿರಾಕಿ ಬಾರದಿದ್ದರೆ ನಷ್ಟ 40. ಬೇಡಿಕೆಯ ಸರಾಸರಿ ಅಂದಾಜು 1000, ಮಾನಕ ವಿಚಲನೆ (ಸರಾಸರಿಯ ಸುತ್ತ ಬೇಡಿಕೆ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) 400. ಈಗ 1001ನೇ ಜರ್ಸಿಯನ್ನು ತರಿಸಬೇಕೇ? ಅದು ಮಾರಾಟವಾಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅರ್ಧದಷ್ಟು ಸಲ 80 ಬರುತ್ತದೆ, ಅರ್ಧದಷ್ಟು ಸಲ 40 ಹೋಗುತ್ತದೆ. ಸರಾಸರಿಯಲ್ಲಿ 20 ಲಾಭ. ಹಾಗಾದರೆ ತರಿಸಲೇಬೇಕು. 1002ನೆಯದನ್ನೂ ತರಿಸಬೇಕು, 1100ನೆಯದನ್ನೂ. ಮುಂದೆ ಹೋದಂತೆ ಪ್ರತಿ ಜರ್ಸಿಯೂ ಮಾರಾಟವಾಗುವ ಸಾಧ್ಯತೆ ಕುಗ್ಗುತ್ತಾ ಬಂದು ಮೂರರಲ್ಲೊಂದು ಪಾಲಿಗೆ ಇಳಿದಾಗ ಬರುವುದೂ ಹೋಗುವುದೂ ಸರಿಸಮವಾಗುತ್ತದೆ. ನಿಲ್ಲಬೇಕಾದ್ದು ಅಲ್ಲಿ. 80ನ್ನು 80 ಮತ್ತು 40ರ ಮೊತ್ತದಿಂದ ಭಾಗಿಸಿದರೆ 0.667, ಅಂದರೆ ಮಾಲು ಸಾಲುವ ಸಾಧ್ಯತೆ ಇಷ್ಟಿರಬೇಕು. ಬೇಡಿಕೆ ಸರಾಸರಿಯ ಸುತ್ತ ಗಂಟೆಯಾಕಾರದಲ್ಲಿ ಹರಡಿದೆ ಎಂದು ಹಿಡಿದು ಎಕ್ಸೆಲ್‌ನ ನಾರ್ಮ್ ಇನ್ವ್ (NORM.INV) ಸೂತ್ರಕ್ಕೆ 0.667, 1000, 400 ಕೊಟ್ಟರೆ ಸುಮಾರು 1172 ಬರುತ್ತದೆ. ಆರ್ಡರ್ ಹಾಕಬೇಕಾದ ಸಂಖ್ಯೆ ಅದು.

ಅದೇ ಜರ್ಸಿಯ ಬೆನ್ನಿಗೆ ಆಟಗಾರನ ಹೆಸರು ಅಚ್ಚಾಗಿದೆ, ಆತ ತಂಡ ಬಿಟ್ಟರೆ ಕ್ಲಿಯರೆನ್ಸಿನಲ್ಲಿ 20 ಮಾತ್ರ ಸಿಗುತ್ತದೆ ಎಂದಾದರೆ ಮಿಕ್ಕಿದ ನಷ್ಟ 80ಕ್ಕೆ ಏರುತ್ತದೆ, ಆರ್ಡರ್ 1000ಕ್ಕೆ ಇಳಿಯುತ್ತದೆ. ಅದರ ಜೊತೆಗೆ ಮಾರುವ ಬೆಲೆಯೂ 140 ಮಾತ್ರ ಎಂದಾದರೆ 828ಕ್ಕೆ. ಗಮನಿಸಿ, ಬೇಡಿಕೆಯ ಅಂದಾಜು ಮೂರು ಸಲವೂ ಅದೇ ಸಾವಿರ. ಆರ್ಡರ್ ಮಾತ್ರ 1172, 1000, 828. ಸರಾಸರಿಗೇ ಆರ್ಡರ್ ಹಾಕುವುದು ಸರಿಯಾಗುವುದು ಎರಡು ನಷ್ಟಗಳೂ ಸಮವಾದಾಗ ಮಾತ್ರ. ಅದು ಆಕಸ್ಮಿಕವೇ ಹೊರತು ನಿಯಮವಲ್ಲ. ಇದನ್ನು ಹತ್ತು ಸಲ ವಿವರಿಸಿದರೂ ಹನ್ನೊಂದನೇ ಸಲ "ಅದೆಲ್ಲ ಸರಿ, ಅಂದಾಜು ಎಷ್ಟು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಈ ಎರಡು ನಷ್ಟಗಳನ್ನು ಲೆಕ್ಕ ಹಾಕುವಾಗಲೂ ಎಚ್ಚರ ಬೇಕು. ಕ್ಲಿಯರೆನ್ಸ್ ಬೆಲೆ ಪೂರ್ತಿ ಕೈಗೆ ಬರುವುದಿಲ್ಲ. ಗೋದಾಮಿನ ಬಾಡಿಗೆ, ವಾಪಸ್ ಸಾಗಣೆ, ಮತ್ತೆ ಮಡಚಿ ಪ್ಯಾಕ್ ಮಾಡುವ ಕೂಲಿ ಕಳೆಯಬೇಕು. ತಂಡದ ಲಾಂಛನ ಬಳಸಲು ಮಾಡಿಕೊಂಡ ಪರವಾನಗಿ ಒಪ್ಪಂದದಲ್ಲಿ, ಅವಧಿ ಮುಗಿದ ಮೇಲೆ ಮಿಕ್ಕ ಮಾಲನ್ನು ಎಷ್ಟು ದಿನ ಮಾರಬಹುದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ದಿನ ದಾಟಿದರೆ ಮಾಲಿನ ಬೆಲೆ ಸೊನ್ನೆ. ಆರ್ಡರಿಗೆ ಸಹಿ ಹಾಕುವ ಮುನ್ನ ಆ ಪುಟ ಓದಿಕೊಳ್ಳಿ. ಕೈತಪ್ಪಿದ ಮಾರಾಟವೂ ಅಷ್ಟೇ: ಗಿರಾಕಿ ಅದೇ ತಂಡದ ಟಿ ಶರ್ಟ್ ಕೊಂಡುಹೋದರೆ ನಷ್ಟ 80ಕ್ಕಿಂತ ಕಡಿಮೆ; ಜರ್ಸಿ ಇಲ್ಲವೆಂದು ಶಾರ್ಟ್ಸನ್ನೂ ಬಿಟ್ಟು ಹೊರನಡೆದರೆ ಹೆಚ್ಚು.

400 ಎಂಬ ಏರಿಳಿತ ಎಲ್ಲಿಂದ ಬಂತು ಎಂದು ಕೇಳಬೇಕು, ಆದರೆ ಕೇಳುವವರು ಕಡಿಮೆ. ಹಿಂದಿನ ಎರಡು ಮೂರು ಸೀಸನ್‌ಗಳ ಹದಿನೈದಿಪ್ಪತ್ತು ಐಟಂಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ನಿಜವಾದ ಬೇಡಿಕೆಯನ್ನು ಆಗ ಮಾಡಿದ್ದ ಅಂದಾಜಿನಿಂದ ಭಾಗಿಸಿ. ಆ ಅನುಪಾತಗಳ ಸರಾಸರಿ 1.1, ಮಾನಕ ವಿಚಲನೆ 0.4 ಎಂದು ಬಂದರೆ ನಿಜವಾದ ಬೇಡಿಕೆ ಮಾಮೂಲಾಗಿ ನಿಮ್ಮ ಅಂದಾಜಿಗಿಂತ ಹತ್ತು ಪ್ರತಿಶತ ಹೆಚ್ಚಿರುತ್ತದೆ ಎಂದರ್ಥ. ಈ ಸಲ 1000 ಎಂದು ಬರೆದಿದ್ದರೆ ಸರಾಸರಿ 1100, ವಿಚಲನೆ 400 ಎಂದು ಹಿಡಿಯಿರಿ. ಇಲ್ಲಿ ಪದೇಪದೇ ಎದುರಾಗುವ ತೊಂದರೆ ಒಂದಿದೆ. ಸೀಸನ್ ನಡುವೆ ಅಂದಾಜನ್ನು ತಿದ್ದಿದವರು ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆದುಬಿಟ್ಟಿರುತ್ತಾರೆ. ಆರ್ಡರ್ ಹಾಕಿದ ದಿನದ ಅಂದಾಜು ಉಳಿದಿರದಿದ್ದರೆ ಈ ಲೆಕ್ಕಕ್ಕೆ ಆಧಾರವೇ ಇಲ್ಲ. ಆ ದಿನದ ಶೀಟನ್ನು ತಾರೀಖು ಹಾಕಿ, ಯಾರೂ ತಿದ್ದದಂತೆ ಬೇರೆ ಇಡಿ. ಕಾಲುಚೀಲ, ಅಭ್ಯಾಸದ ಶಾರ್ಟ್ಸ್‌ನಂಥ ಮಾಮೂಲು ಮಾಲನ್ನೂ ತಾರಾ ಆಟಗಾರರ ಜರ್ಸಿಯನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ, ಅವುಗಳ ಏರಿಳಿತಕ್ಕೆ ಹೋಲಿಕೆಯೇ ಇಲ್ಲ.

ಹೊಸ ವಿನ್ಯಾಸಕ್ಕೆ ಹಿಂದಿನ ದಾಖಲೆ ಇರುವುದಿಲ್ಲ. ಆಗ ಐದಾರು ಜನ ಪರಸ್ಪರ ಮಾತಾಡದೆ ತಮ್ಮ ತಮ್ಮ ಅಂದಾಜು ಬರೆಯಲಿ. ಅಮೆರಿಕದ ಕೊಲರಾಡೊದ ಸ್ಪೋರ್ಟ್ ಓಬರ್‌ಮೇಯರ್ ಎಂಬ ಸ್ಕೀ ಉಡುಪಿನ ಕಂಪನಿ 1990ರ ದಶಕದಲ್ಲಿ ಹೀಗೆ ಮಾಡಿ ಹೆಸರಾಯಿತು. ಅದರ ಖರೀದಿ ಸಮಿತಿ ಮೊದಲು ಕೂತು ಚರ್ಚಿಸಿ ಒಂದೇ ಅಂಕಿಗೆ ಬರುತ್ತಿತ್ತು. ಆಮೇಲೆ ಪ್ರತಿಯೊಬ್ಬರೂ ಬೇರೆಬೇರೆ ಬರೆದರು. ಎಲ್ಲರ ಅಂಕಿಗಳು ಹತ್ತಿರವಿದ್ದ ಉಡುಪುಗಳ ಅಂದಾಜು ಹೆಚ್ಚು ನಿಖರವಾಗಿತ್ತು. ಅಂಥವನ್ನು ಮೊದಲೇ ಹೊಲಿಸಿ, ಅಭಿಪ್ರಾಯ ಚದುರಿದ್ದವನ್ನು ಲಾಸ್ ವೇಗಾಸ್‌ನ ಮಾರ್ಚ್ ಮೇಳದಲ್ಲಿ ಅಂಗಡಿಗಳ ಆರ್ಡರ್ ಬರುವವರೆಗೆ ತಡೆದಿಟ್ಟರು. ಚರ್ಚೆಯಲ್ಲಿ ಜೋರು ದನಿಯವರ ಅಂಕಿಯೇ ಗೆಲ್ಲುತ್ತದೆ, ಅನಿಶ್ಚಿತತೆ ಎಷ್ಟೆಂಬ ಮಾಹಿತಿ ಅಳಿಸಿಹೋಗುತ್ತದೆ. ಬರೆದುಕೊಟ್ಟಾಗ ಅದು ಕಣ್ಣೆದುರೇ ಉಳಿಯುತ್ತದೆ. ಆದರೆ ಬರೆದವರ ನಡುವಿನ ಅಂತರವನ್ನೇ ಮಾನಕ ವಿಚಲನೆ ಎಂದು ಹಿಡಿಯಬೇಡಿ. ನಿಜವಾದ ಏರಿಳಿತ ಅದಕ್ಕಿಂತ ಹೆಚ್ಚೇ ಇರುತ್ತದೆ.

ಸರಾಸರಿ ಅತಿ ಹೆಚ್ಚು ಮೋಸ ಮಾಡುವುದು ಫೈನಲ್ ಪಂದ್ಯದ ಮಾಲಿನಲ್ಲಿ. ತಂಡ ಗೆದ್ದರೆ "ಚಾಂಪಿಯನ್" ಟಿ ಶರ್ಟ್ 5000 ಹೋಗುತ್ತದೆ, ಸೋತರೆ ಯಾರಾದರೂ ಕೊಂಡಾರು ಎಂದು 200. ಗೆಲ್ಲುವ ಸಾಧ್ಯತೆ 40 ಪ್ರತಿಶತ. ಸರಾಸರಿ ತೆಗೆದರೆ 2120. ಆದರೆ 2120ರ ಬೇಡಿಕೆ ಯಾವ ಪಂದ್ಯದಲ್ಲೂ ಬರುವುದಿಲ್ಲ! ಗೆದ್ದರೆ ಮಾಲು ಅರ್ಧಕ್ಕೂ ಸಾಲದು, ಸೋತರೆ ಬಹುಪಾಲು ಕಸ. ಇದರ ಖರೀದಿ ಬೆಲೆಯೂ 100, ಮಾರುವ ಬೆಲೆಯೂ 180 ಎಂದಿಟ್ಟುಕೊಂಡರೆ, ಸೋತ ತಂಡದ ಚಾಂಪಿಯನ್ ಟಿ ಶರ್ಟಿಗೆ ಕ್ಲಿಯರೆನ್ಸ್ ಬೆಲೆಯೇ ಇಲ್ಲವಾದ್ದರಿಂದ ಮಿಕ್ಕಿದ ನಷ್ಟ ಪೂರ್ತಿ 100, ಕೈತಪ್ಪಿದರೆ 80. 80ನ್ನು 180ರಿಂದ ಭಾಗಿಸಿದರೆ 0.444, ಸೋಲುವ ಸಾಧ್ಯತೆ 0.6 ಇದಕ್ಕಿಂತ ಹೆಚ್ಚಿರುವುದರಿಂದ ಉತ್ತರ 200. ಗೆಲ್ಲುವ ಸಾಧ್ಯತೆ 60 ಪ್ರತಿಶತವಾಗಿದ್ದರೆ ಉತ್ತರ 5000. ಈ ಲೆಕ್ಕದಲ್ಲಿ ನಡುವಿನ ಸಂಖ್ಯೆಗೆ ಜಾಗವೇ ಇಲ್ಲ. ಗಂಟೆಯಾಕಾರದ ಬೇಡಿಕೆಗೆ ಮಾಡಿದ ಸೂತ್ರವನ್ನು ಇಂಥ ಎರಡು ಗುಡ್ಡದ ಬೇಡಿಕೆಗೆ ಹಾಕಬಾರದು.

5000 ಗಿರಾಕಿಗಳನ್ನೂ ಬಿಡಬಾರದು, 5000 ಟಿ ಶರ್ಟಿನ ಅಪಾಯವನ್ನೂ ಹೊರಬಾರದು ಎಂದರೆ ಏನೂ ಅಚ್ಚು ಹಾಕದ ಖಾಲಿ ಮಾಲು ಇಟ್ಟುಕೊಂಡು ಫಲಿತಾಂಶ ಬಂದ ರಾತ್ರಿಯೇ ಅಚ್ಚು ಹಾಕಬೇಕು. ಜರ್ಸಿಗೂ ಇದೇ ದಾರಿ: ತಂಡದ ಬಣ್ಣ, ಲಾಂಛನ ಇರುವ ಜರ್ಸಿಯನ್ನು ಹೆಸರು, ಸಂಖ್ಯೆ ಹಾಕದೆ ಇಟ್ಟು, ಯಾರ ಹೆಸರಿಗೆ ಬೇಡಿಕೆ ಬರುತ್ತದೋ ಅವರದನ್ನು ಒತ್ತುವುದು. ನಾಲ್ಕು ಆಟಗಾರರ ಬೇಡಿಕೆ ತಲಾ 500, ವಿಚಲನೆ 250 ಎಂದುಕೊಳ್ಳಿ. ಬೇರೆಬೇರೆ ಹೊಲಿಸಿದರೆ ನಾಲ್ಕು ಏರಿಳಿತಗಳು ಕೂಡಿ 1000. ಅವು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ ಒಟ್ಟು ಖಾಲಿ ಜರ್ಸಿಯ ವಿಚಲನೆ 500 ಮಾತ್ರ. ಸುರಕ್ಷತೆಗೆಂದು ಇಡುವ ಹೆಚ್ಚುವರಿ ಮಾಲು ಅರ್ಧಕ್ಕೆ ಇಳಿಯುತ್ತದೆ. ತಂಡ ಗೆದ್ದಾಗ ನಾಲ್ವರದೂ ಒಟ್ಟಿಗೇ ಏರುವುದಾದರೆ, ಒಟ್ಟಿಗೆ ಏರಿಳಿಯುವುದರ ಅಳತೆಯಾದ ಸಹಸಂಬಂಧ 0.5 ಇದ್ದರೆ, ಅದು ಸುಮಾರು 790, ಉಳಿತಾಯ ಕಡಿಮೆ. ಹೊಸಬ ಬಂದು ಹಳಬನ ಬೇಡಿಕೆ ಕುಸಿಯುವ ತಂಡದಲ್ಲಿ ಉಳಿತಾಯ ಅತಿ ಹೆಚ್ಚು.

ಹಾಗೆಂದು ಎಲ್ಲವನ್ನೂ ಖಾಲಿ ಇಡುವುದೂ ತಪ್ಪು. ಖಾಲಿ ಜರ್ಸಿಗೆ 100, ಕಾರ್ಖಾನೆಯಲ್ಲೇ ಹೆಸರು ಹಾಕಿಸಿದರೆ ಇನ್ನೂ 5, ಆಮೇಲೆ ಇಲ್ಲಿ ಒಂದೊಂದಾಗಿ ಹಾಕಿದರೆ 20 ಎಂದು ಹಿಡಿದರೆ, ಮೊದಲೇ ಹಾಕಿಸಿದ ಪ್ರತಿ ಜರ್ಸಿಯೂ ಮಾರಾಟವಾದರೆ 15 ಉಳಿಯುತ್ತದೆ. ಮಾರಾಟವಾಗದಿದ್ದರೆ 105 ಹಾಕಿದ್ದಕ್ಕೆ 20 ಸಿಕ್ಕಿ 85 ನಷ್ಟ. ಖಾಲಿಯಾಗಿದ್ದಿದ್ದರೆ ಮುಂದಿನ ಸೀಸನ್‌ಗೆ ಉಳಿದು ನಷ್ಟ 10 ಮಾತ್ರ ಆಗುತ್ತಿತ್ತು. ವ್ಯತ್ಯಾಸ 75. 15ನ್ನು 90ರಿಂದ ಭಾಗಿಸಿದರೆ 0.167. ಸರಾಸರಿ 500, ವಿಚಲನೆ 250ರ ಆಟಗಾರನಿಗೆ ಇದು ಸುಮಾರು 258. ಬಹುತೇಕ ಖಂಡಿತ ಹೋಗುವ ಈ ಅರ್ಧವನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿಸಿ, ಉಳಿದದ್ದನ್ನು ಖಾಲಿ ತರಿಸಿ. ಮುಂದಿನ ಸೀಸನ್‌ಗೆ ತಂಡದ ವಿನ್ಯಾಸವೋ ಪ್ರಾಯೋಜಕರೋ ಬದಲಾಗುತ್ತಾರೆಂದು ಗೊತ್ತಿದ್ದರೆ ಖಾಲಿ ಜರ್ಸಿಯ ಬೆಲೆಯೂ ಬೀಳುತ್ತದೆ. ಅದರ ನಷ್ಟ 50 ಎಂದಾದರೆ ಇದೇ ಲೆಕ್ಕ 369 ಎನ್ನುತ್ತದೆ.

ಖಾಲಿ ಮಾಲಿನ ಯೋಜನೆ ಕಾಗದದ ಮೇಲೆ ಚೆನ್ನಾಗಿದ್ದು ಒತ್ತುವ ಮೇಜಿನ ಮೇಲೆ ಕೆಡುವುದುಂಟು. ಹೆಸರು, ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆ ಎಲ್ಲ ಸೇರಿ ಒಂದು ಜರ್ಸಿಗೆ ಮೂರು ನಿಮಿಷವಾದರೆ ಒಂದು ಹೀಟ್ ಪ್ರೆಸ್‌ನಲ್ಲಿ ಎಂಟು ಗಂಟೆಗೆ 160 ಜರ್ಸಿ. ಎರಡು ದಿನದಲ್ಲಿ 1500 ಬೇಕೆಂದರೆ ಐದು ಪ್ರೆಸ್, ಅದಕ್ಕೆ ತಕ್ಕ ಕೈಗಳು ಬೇಕು. ಅವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಗಾಢ ಬಣ್ಣದ ಪಾಲಿಯೆಸ್ಟರ್ ಮೇಲೆ ಬಿಳಿ ಅಂಕಿ ಒತ್ತಿದರೆ ಬಿಸಿಗೆ ಬಟ್ಟೆಯ ಬಣ್ಣ ಮೇಲೆದ್ದು ಕೆಂಪು ಜರ್ಸಿಯ ಬಿಳಿ ಅಂಕಿ ಕೆಲ ದಿನಗಳಲ್ಲಿ ಗುಲಾಬಿಯಾಗುತ್ತದೆ. ಬಣ್ಣ ತಡೆಯುವ ಪದರವಿರುವ ಫಿಲ್ಮನ್ನೇ ತರಿಸಿ, ಕಡಿಮೆ ಬಿಸಿಯಲ್ಲಿ ಒತ್ತಿ, ಒಂದೆರಡು ಜರ್ಸಿಯನ್ನು ವಾರ ಮೊದಲೇ ಒತ್ತಿಟ್ಟು ನೋಡಿ. ಅಕ್ಷರ, ಅಂಕಿಗಳ ದಾಸ್ತಾನೂ ಮುಖ್ಯ. ಎಲ್ಲ ಅಂಕಿಯನ್ನೂ ಸಮನಾಗಿ ತರಿಸಿದರೆ ತಾರೆಯ ಸಂಖ್ಯೆಯ ಅಂಕಿಯೇ ಮೊದಲು ಮುಗಿಯುತ್ತದೆ.

ಖಾಲಿ ಜರ್ಸಿಯೇ ಇಲ್ಲದಿದ್ದರೆ ಇದ್ಯಾವುದೂ ನೆರವಿಗೆ ಬಾರದು. 2023ರಲ್ಲಿ ಲಯೊನೆಲ್ ಮೆಸ್ಸಿ ಇಂಟರ್ ಮಯಾಮಿ ಸೇರಿದಾಗ ಆ ತಂಡದ ಗುಲಾಬಿ ಜರ್ಸಿಗೆ ಅಭಿಮಾನಿಗಳು ತಿಂಗಳುಗಟ್ಟಲೆ ಕಾಯಬೇಕಾಯಿತು. ಹೆಸರು ಒತ್ತಲು ನಿಮಿಷಗಳು ಸಾಕು, ಆದರೆ ತಂಡದ್ದೇ ಆದ ಬಣ್ಣದ ಬಟ್ಟೆ ನೇಯ್ದು, ಬಣ್ಣ ಹಾಕಿ, ಹೊಲಿದು ಬರಲು ತಿಂಗಳುಗಳು ಬೇಕು. ಆದ್ದರಿಂದ ಆರ್ಡರನ್ನು ಹಂತಹಂತವಾಗಿ ಗಟ್ಟಿ ಮಾಡುವ ಒಪ್ಪಂದಕ್ಕೆ ಕಾರ್ಖಾನೆಯನ್ನು ಒಪ್ಪಿಸಿ: ಮೊದಲು ನೂಲು, ಆಮೇಲೆ ಬಣ್ಣ, ಕೊನೆಗೆ ಸೈಜ್. ಪ್ರತಿ ಬಣ್ಣಕ್ಕೂ ಕನಿಷ್ಠ ಪ್ರಮಾಣದ ಷರತ್ತು ಇರುವುದರಿಂದ ಸಣ್ಣ ವ್ಯಾಪಾರಿಗಳಿಗೆ ಇದು ಕಷ್ಟ. ಆದರೂ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಇನ್ನು ಸೈಜ್. ಕಳೆದ ವರ್ಷದ ಮಾರಾಟದ ಅನುಪಾತವನ್ನೇ ಈ ವರ್ಷದ ಆರ್ಡರಿಗೆ ಹಾಕಿದರೆ ಕಳೆದ ವರ್ಷದ ತಪ್ಪು ಆರ್ಡರೇ ಮರಳಿ ಬರುತ್ತದೆ, ಏಕೆಂದರೆ ಇಲ್ಲದ ಮಾಲು ಮಾರಾಟವಾಗಿರುವುದಿಲ್ಲ. ಮೀಡಿಯಂ 120 ಬಂದು ನಾಲ್ಕೇ ವಾರದಲ್ಲಿ ಮುಗಿಯಿತು, ಲಾರ್ಜ್ ಹನ್ನೆರಡು ವಾರವೂ ಇತ್ತು ಎಂದುಕೊಳ್ಳಿ. ಲಾರ್ಜ್‌ನ ಒಟ್ಟು ಮಾರಾಟದಲ್ಲಿ ಮೊದಲ ನಾಲ್ಕು ವಾರದ ಪಾಲು 40 ಪ್ರತಿಶತವಾಗಿದ್ದರೆ ಮೀಡಿಯಂನ ನಿಜವಾದ ಬೇಡಿಕೆ 120ನ್ನು 0.4ರಿಂದ ಭಾಗಿಸಿದಷ್ಟು, ಅಂದರೆ 300. ದಾಖಲೆಯಲ್ಲಿರುವುದು 120. ಮೀಡಿಯಂ ಸಿಗದೆ ಲಾರ್ಜ್ ಕೊಂಡವರೂ ಇರುವುದರಿಂದ ಲಾರ್ಜ್‌ನ ಅಂಕಿಯನ್ನು ತುಸು ಇಳಿಸಿಕೊಳ್ಳಬೇಕು. ಎಷ್ಟೆಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಎಲ್ಲ ಸೈಜೂ ಇದ್ದ ವಾರಗಳ ಮಾರಾಟವನ್ನಷ್ಟೇ ಹಿಡಿದು ಅನುಪಾತ ತೆಗೆಯಿರಿ. ಅದಕ್ಕಾಗಿ ಪ್ರತಿ ಸೈಜ್ ಯಾವ ದಿನ ಮುಗಿಯಿತು ಎಂಬ ತಾರೀಖನ್ನು ಈ ಸೀಸನ್ನಿಂದಲೇ ಬರೆದಿಡಿ. ಮಾರಾಟದ ಬಿಲ್ಲುಗಳಿಂದ ಆಮೇಲೆ ಅದನ್ನು ಹೆಕ್ಕುವುದು ಕಷ್ಟ.