ಪಂಪ ಬನವಾಸಿಯವನೇ ಅಲ್ಲ ಅಂದ್ಮೇಲೆ ಬನವಾಸಿ ಯಾಕೆ ಅಷ್ಟು ನೆನಪಾಗ್ತಿತ್ತು?

ಓದುಗರೊಬ್ಬರು ಕೇಳಿದ್ದು: "ಪಂಪ ಇದ್ದದ್ದು ವೇಮುಲವಾಡದ ಆಸ್ಥಾನದಲ್ಲಿ, ಅವನ ಮನೆತನ ವೆಂಗಿ ಕಡೇದು ಅಂತ ಓದಿದ್ದೀನಿ. ಹಂಗಿದ್ರೆ 'ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ' ಅಂತ ಯಾಕೆ ಬರೆದ? ಬನವಾಸಿಗೂ ಅವನಿಗೂ ಏನು ಸಂಬಂಧ?"

ಶಾಲೆಯಲ್ಲಿ ಈ ಸಾಲು ಕಲಿತವರಿಗೆಲ್ಲ ಒಂದಲ್ಲ ಒಂದು ದಿನ ಬರೋ ಪ್ರಶ್ನೆ ಇದು, ನನಗೂ ಬಂದಿತ್ತು. ನೇರ ಉತ್ತರ ಮೊದಲೇ ಹೇಳ್ಬಿಡ್ತೀನಿ. ಪಂಪ ಬನವಾಸಿಯಲ್ಲಿ ಹುಟ್ಟಿದ, ಬೆಳೆದ ಅಂತ ನೇರವಾಗಿ ಹೇಳೋ ಶಾಸನ ಇಲ್ಲ. ಆದ್ರೆ ಸಂಬಂಧ ಇಲ್ಲ ಅನ್ನೋಕಾಗಲ್ಲ, ಯಾಕಂದ್ರೆ ಅವನು ಹೇಳ್ತಿರೋದು ಬನವಾಸಿ 'ಊರು' ಅಲ್ಲ, ಬನವಾಸಿ 'ದೇಶ', ಆ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಲು ಪಂಪನ ಕಡೆಯಿಂದ ನೋಡೋಣ. ಹುಟ್ಟಿದ್ದು 902ರಲ್ಲಿ, ಆದಿಪುರಾಣ ಮತ್ತು ವಿಕ್ರಮಾರ್ಜುನ ವಿಜಯ ಎರಡೂ ಬಂದಿದ್ದು 941ರ ಹೊತ್ತಿಗೆ, ಅಂದ್ರೆ ಅವನಿಗಾಗ ನಲವತ್ತೂ ಆಗಿರ್ಲಿಲ್ಲ. ಅವನ ದೊರೆ ಇಮ್ಮಡಿ ಅರಿಕೇಸರಿ, ರಾಷ್ಟ್ರಕೂಟರ ಸಾಮಂತ, ರಾಜಧಾನಿ ವೇಮುಲವಾಡ ಇವತ್ತಿನ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಅಂತ, ಅವನು ಕರೀಂನಗರದ ಕಡೆ ಕುರ್ಕ್ಯಾಲದ ಗುಡ್ಡದ ಬಂಡೆ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಒಂದು ಶಾಸನ ಕೆತ್ತಿಸಿದ್ದಾನೆ, ನಮಗೆ ಪಂಪನ ಮನೆ ವಿಷಯ ಇಷ್ಟು ಗೊತ್ತಾಗಿದ್ದೇ ಆ ಬಂಡೆಯಿಂದ. ತಂದೆ ಕಡೆಯವರು ವೆಂಗಿಯವರು, ಸರಿ. ಆದ್ರೆ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮನೆತನದವಳು. ಅಣ್ಣಿಗೇರಿ ಅಂದ್ರೆ ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಸಿಗೋ ಅದೇ ಅಣ್ಣಿಗೇರಿ. ಜೊತೆಗೆ ಪಂಪ ತಾನೇ ಹೇಳ್ಕೊಂಡಿದ್ದಾನೆ, ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ, ಅಂದ್ರೆ ಅಚ್ಚಗನ್ನಡ ಅಂತ. ಪುಲಿಗೆರೆ ಅಂದ್ರೆ ಇವತ್ತಿನ ಲಕ್ಷ್ಮೇಶ್ವರ. ಮನೆ ತೆಲುಗು ನಾಡಲ್ಲಿದ್ರೂ ನಾಲಿಗೆ ಮೇಲೆ ಇದ್ದದ್ದು ಈ ಕಡೆಯ ಕನ್ನಡ, ಅಮ್ಮನ ಕಡೆ ಕನ್ನಡ.

ಈಗ ಬನವಾಸಿ ದೇಶ ಅಂದ್ರೆ ಎಷ್ಟು ದೊಡ್ಡದು ನೋಡಿ. ಶಾಸನಗಳಲ್ಲಿ ಇದಕ್ಕೆ 'ಬನವಾಸಿ ಪನ್ನಿರ್ಛಾಸಿರ' ಅಂತಾರೆ, ಅಂದ್ರೆ ಬನವಾಸಿ ಹನ್ನೆರಡು ಸಾವಿರ. ಈ ಸಾವಿರ ಅನ್ನೋದು ಹಳ್ಳಿ ಲೆಕ್ಕವೋ ಕಂದಾಯದ ಲೆಕ್ಕವೋ ಅಂತ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ, ಅದಿರ್ಲಿ. ಇವತ್ತಿನ ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗ, ಶಿವಮೊಗ್ಗದ ಸೊರಬ-ಶಿಕಾರಿಪುರ, ಹಾವೇರಿ ಜಿಲ್ಲೆಯ ಬಹುಭಾಗ ಇದರೊಳಗೆ ಬರ್ತಿತ್ತು. ಬೆಳ್ವೊಲ, ಪುಲಿಗೆರೆ ಎಲ್ಲಾ ಇದರ ಪಕ್ಕದ ನಾಡುಗಳು. ಅಮ್ಮನ ಊರಿನ ಪಕ್ಕದ ಸೀಮೆ ಯಾರಿಗಾದ್ರೂ ಅಪರಿಚಿತ ಆಗಿರುತ್ತಾ?

ಇನ್ನೊಂದು ಕೊಂಡಿ ಇದೆ, ಇದನ್ನ ಜನ ಅಷ್ಟಾಗಿ ಗಮನಿಸಲ್ಲ, ನನಗೆ ಮಾತ್ರ ಇದೇ ಗಟ್ಟಿ ಅನ್ಸುತ್ತೆ. ಪಂಪನ ಆದಿಪುರಾಣಕ್ಕೆ ಮೂಲ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಪೂರ್ವಪುರಾಣ. ಅವರು ಮುಗಿಸದೇ ಬಿಟ್ಟದ್ದನ್ನ ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಪೂರ್ತಿ ಮಾಡಿದ್ರು. ಆ ಗ್ರಂಥಕ್ಕೆ 898ರಲ್ಲಿ ಪೂಜೆ ಆಗಿದ್ದು ಬಂಕಾಪುರದಲ್ಲಿ, ಆಗ ಅಲ್ಲಿದ್ದುಕೊಂಡು ಬನವಾಸಿ ನಾಡನ್ನ ಆಳ್ತಿದ್ದವನು ಲೋಕಾದಿತ್ಯ. ಅಂದ್ರೆ ಪಂಪ ಹುಟ್ಟೋಕೆ ನಾಲ್ಕು ವರ್ಷ ಮುಂಚೆ, ಅವನು ಮುಂದೆ ಕನ್ನಡಕ್ಕೆ ತರಲಿದ್ದ ಪುರಾಣ ಬನವಾಸಿ ದೇಶದ ಒಂದು ಊರಲ್ಲಿ ಪೂಜೆಗೊಂಡಿತ್ತು. ಜೈನ ಮನೆಯಲ್ಲಿ ಬೆಳೆದ, ಓದೋ ಹುಚ್ಚಿದ್ದ ಹುಡುಗನಿಗೆ ಬನವಾಸಿ ಅನ್ನೋ ಹೆಸರು ಹೇಗೆ ಕಿವಿಗೆ ಬಿದ್ದಿರಬೇಕು ಅಂತ ಯೋಚನೆ ಮಾಡಿ.

ಇಷ್ಟು ಇತಿಹಾಸದ ಲೆಕ್ಕ. ಆದ್ರೆ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಪದ್ಯಗಳಲ್ಲೇ, ನಾವು ಕೊನೇ ಸಾಲು ಮಾತ್ರ ಬಾಯಿಪಾಠ ಮಾಡಿ ಬಿಟ್ಬಿಡ್ತೀವಿ. ಇವು ಬರೋದು ವಿಕ್ರಮಾರ್ಜುನ ವಿಜಯದ ನಾಲ್ಕನೇ ಆಶ್ವಾಸದಲ್ಲಿ, ತೀರ್ಥಯಾತ್ರೆ ಹೊರಟ ಅರ್ಜುನ ಬನವಾಸಿ ನಾಡಿಗೆ ಬಂದಾಗ. ತೆಂಕಣ ಗಾಳಿ ಸೋಂಕಿದ್ರೆ, ಒಳ್ಳೆ ಮಾತು ಕೇಳಿದ್ರೆ, ಇಂಪಾದ ಹಾಡು ಕಿವಿಗೆ ಹೊಕ್ರೆ, ಬಿರಿದ ಮಲ್ಲಿಗೆ ಕಂಡ್ರೆ, ವಸಂತದ ಹಬ್ಬ ಬಂದ್ರೆ, ಏನ್ ಹೇಳ್ಲಿ, ಯಾರು ಅಂಕುಶ ಇಟ್ಟು ತಡೆದ್ರೂ ನನ್ನ ಮನಸ್ಸು ಬನವಾಸಿ ದೇಶವನ್ನ ನೆನೆಯುತ್ತೆ, ಅಂತ. ಗಮನಿಸಿ, ಅವನು ಬನವಾಸಿಯ ಗುಡಿ ನೆನಪಾಗುತ್ತೆ ಅಂತಿಲ್ಲ, ಅರಮನೆ ಅಂತಿಲ್ಲ. ಮೈಗೆ ತಾಗೋ ಗಾಳಿ, ಕಿವಿಗೆ ಬೀಳೋ ಮಾತು, ಕಣ್ಣಿಗೆ ಬೀಳೋ ಹೂವು, ಇವೆಲ್ಲ ಎಲ್ಲಿದ್ರೂ ಸಿಗೋವೇ, ವೇಮುಲವಾಡದಲ್ಲೂ ಸಿಗ್ತಿದ್ವು, ಅಲ್ಲಿ ಸಿಕ್ಕ ತಕ್ಷಣ ಮನಸ್ಸು ಇಲ್ಲಿಗೆ ಓಡಿಬಿಡ್ತಿತ್ತು. ಊರು ಬಿಟ್ಟು ದೂರ ಇರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಅಂಕುಶ ಅನ್ನೋ ಮಾತು ಸುಮ್ಮನೆ ಬಂದಿಲ್ಲ. ಅಂಕುಶ ಇಡೋದು ಆನೆಗೆ. ಹಿಡಿದು ತಂದು ಪಳಗಿಸಿದ ಆನೆ, ಮೇಲೆ ಮಾವುತ ಕೂತು ಚುಚ್ತಿದ್ರೂ ತಾನು ಹುಟ್ಟಿದ ಕಾಡಿನ ಕಡೆಗೇ ತಿರುಗುತ್ತೆ. ಬನವಾಸಿ ಅನ್ನೋ ಹೆಸರಲ್ಲೇ ಬನ ಇದೆ. ಮನಸ್ಸು ಆನೆ, ಬನವಾಸಿ ಅದರ ಬನ, ಹಂಗಾದ್ರೆ ಮಾವುತ ಯಾರು? ಆಸ್ಥಾನವೋ, ದೊರೆಯೋ, ಕೆಲಸವೋ? ಪಂಪ ಹೇಳಲ್ಲ, ಆದ್ರೆ ಅರಿಕೇಸರಿಯನ್ನೇ ಅರ್ಜುನ ಅಂತ ಹೊಗಳೋಕೆ ಬರೆದ ಕಾವ್ಯದ ಮಧ್ಯದಲ್ಲಿ ಈ ಪದ ಬಂದಿದೆ ಅನ್ನೋದನ್ನ ಮರೀಬಾರ್ದು. ಈ ಮಾತು ಅರ್ಜುನಂದೋ ಪಂಪಂದೋ ಅಂತ ವಿದ್ವಾಂಸರು ಚರ್ಚೆ ಮಾಡ್ತಾರೆ. ಅರ್ಜುನ ಮೊದಲ ಸಲ ಬಂದ ಜಾಗವನ್ನ 'ನೆನೆವುದು' ಅನ್ನೋಕೆ ಹೇಗಾಗುತ್ತೆ? ನೆನಪು ಅಂದ್ರೆ ಮೊದಲೇ ಕಂಡಿರ್ಬೇಕು. ಅದಕ್ಕೇ ಇದು ಕವಿಯದ್ದೇ ದನಿ ಅನ್ನೋರ ಪಕ್ಷ ನಾನು.

ಇನ್ನೊಂದು ಪದ್ಯ ಇನ್ನೂ ಮುಖ್ಯ. "ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗಳ್ಗಾಗರವಾದ ಮಾನಸರೆ ಮಾನಸರ್" ಅಂತ ಶುರುವಾಗುತ್ತೆ. ತ್ಯಾಗ, ಭೋಗ, ಅಕ್ಷರ, ಸಂಗೀತ, ಗೋಷ್ಠಿ, ಇವುಗಳ ಸವಿ ಗೊತ್ತಿರೋ ಮನುಷ್ಯರೇ ಮನುಷ್ಯರು, ಅಂಥವರಾಗಿ ಹುಟ್ಟಬೇಕು, ಅದಾಗ್ದಿದ್ರೆ ಮರಿದುಂಬಿಯಾಗಿ ಇಲ್ಲಾ ಕೋಗಿಲೆಯಾಗಿ ಬನವಾಸಿಯ ನಂದನದಲ್ಲಿ ಹುಟ್ಟಬೇಕು, ಅಂತ. ಮೊದಲ ಆಸೆ ಅಲ್ಲಿಯ ಮನುಷ್ಯ ಆಗೋದು. ತುಂಬಿ, ಕೋಗಿಲೆ ಎರಡನೇದು. ನಾವು ಬನವಾಸಿ ಪದ್ಯ ಅಂದ್ರೆ ಪ್ರಕೃತಿ ವರ್ಣನೆ ಅಂತ ಮಾರ್ಕ್ಸಿಗೆ ಬರೆದು ಬಂದ್ವಿ, ಪಂಪ ಮಾತ್ರ ಸಾಲಿನ ಮೊದಲಲ್ಲೇ ಜನರನ್ನ ಇಟ್ಟಿದ್ದಾನೆ.

ಇಲ್ಲಿ ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಮಾಮರ, ಮಲ್ಲಿಗೆ, ಸಂಪಿಗೆ, ತುಂಬಿ, ಕೋಗಿಲೆ, ದಕ್ಷಿಣದ ಗಾಳಿ, ಇದೆಲ್ಲ ಸಂಸ್ಕೃತ ಕಾವ್ಯದ ವಸಂತ ವರ್ಣನೆಯ ರೆಡಿ ಸಾಮಾನು, ಕಣ್ಣಾರೆ ನೋಡಿ ಬರೆದದ್ದು ಅಂತ ಹೇಗೆ ನಂಬೋದು ಅಂತ. ಈ ಪ್ರಸಿದ್ಧ ಪದ್ಯಗಳಲ್ಲಿ ಮಲೆನಾಡಿನ ಮಳೆ ಇಲ್ಲ, ಮೆಣಸಿನ ಹೆಸರಿಲ್ಲ. ಒಪ್ಕೋತೀನಿ. ಆದ್ರೆ 'ತಳ್ತೆಲೆವಳ್ಳಿ' ಅಂತ ಒಂದು ಪದ ಬರುತ್ತೆ, ದಟ್ಟವಾಗಿ ಹಬ್ಬಿದ ಎಲೆಬಳ್ಳಿ. ನಮ್ಮ ಕಡೆ ಎಲೆಬಳ್ಳಿ ಅಂದ್ರೆ ಇವತ್ತಿಗೂ ವೀಳ್ಯದ ಬಳ್ಳಿ, ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿರ್ತಾರೆ. ಮಾಮರದ ಪಕ್ಕದಲ್ಲೇ ಅದನ್ನ ಇಟ್ಟ ಕವಿ ಬರೀ ಪುಸ್ತಕ ನೋಡಿ ಬರೆದ ಅಂತ ನನಗನ್ಸಲ್ಲ.

ಈ ನಾಡಿನ ನೆಲ ನೋಡಿದ್ರೆ ಪದ್ಯ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ವರದಾ ನದಿ ಸಾಗರದ ಹತ್ರ ವರದಾಮೂಲದಲ್ಲಿ ಹುಟ್ಟಿ, ಘಟ್ಟದ ಬೇರೆ ಕೆಲವು ನದಿಗಳ ಥರ ಪಡುವಣಕ್ಕೆ ಧುಮುಕದೆ ಮೂಡಣಕ್ಕೆ ತಿರುಗಿ, ಬನವಾಸಿಯನ್ನ ಮೂರು ಕಡೆಯಿಂದ ಬಳಸ್ಕೊಂಡು ಹಾವೇರಿ ಸೀಮೆ ದಾಟಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತೆ. ಬನವಾಸಿ ಇರೋದು ಪೂರ್ತಿ ಮಲೆನಾಡಲ್ಲ, ಪೂರ್ತಿ ಬಯಲುಸೀಮೆನೂ ಅಲ್ಲ, ಮಲೆನಾಡಿನ ಸೆರಗು. ಶಿರಸಿಯಿಂದ ಬನವಾಸಿಗೆ ಹೋಗ್ತಾ ಹೋಗ್ತಾ ಕಾಡು ತೆಳ್ಳಗಾಗಿ ಗದ್ದೆ ಬಯಲು ಅಗಲ ಆಗ್ತಾ ಬರುತ್ತೆ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತೆ. ಕಾಡಿನ ಮೆಣಸು, ಏಲಕ್ಕಿ ಒಂದು ಕಡೆ, ಬಯಲಿನ ಜೋಳ, ಹತ್ತಿ ಇನ್ನೊಂದು ಕಡೆ, ಮಧ್ಯದಲ್ಲಿ ಭತ್ತ ಬೆಳೆಯೋ ಗದ್ದೆ, ಕೆರೆ. ಇಂಥ ಜಾಗದಲ್ಲೇ ಸಂತೆ ಸೇರೋದು, ಊರು ಬೆಳೆಯೋದು, ಚಾಗ-ಭೋಗ-ಗೊಟ್ಟಿಗೆ ಪುರುಸೊತ್ತು ಸಿಗೋದು. ಎರಡನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಗೂ ಈ ಊರಿನ ಹೆಸರು ಗೊತ್ತಿತ್ತು.

ಸೊರಬದ ಕಡೆ 'ಕಾನು' ಅಂತಾರೆ. ಕಾಡು ಬೇರೆ, ಕಾನು ಬೇರೆ. ಸುತ್ತ ಎಲೆ ಉದುರಿಸೋ ಒಣಕಾಡು ಇದ್ರೂ ಮಧ್ಯದಲ್ಲೊಂದು ವರ್ಷಪೂರ್ತಿ ಹಸಿರಾಗಿರೋ ತುಂಡು, ಒಳಗೊಂದು ದೇವರು, ನೀರಿನ ಜಾಗ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. 1868ರಲ್ಲಿ ಬ್ರಿಟಿಷ್ ಅಧಿಕಾರಿಗಳು ಸೊರಬ ತಾಲೂಕೊಂದರಲ್ಲೇ 171 ಕಾನು ಲೆಕ್ಕ ಹಾಕಿದ್ರು. ಮಾಧವ ಗಾಡ್ಗೀಳ್, ಎಂ.ಡಿ. ಸುಭಾಷ್ ಚಂದ್ರನ್ ಅಂಥ ಪರಿಸರ ವಿಜ್ಞಾನಿಗಳು ಕಾನುಗಳ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು, ಇವು ತಾವಾಗೇ ಉಳಿದ ಕಾಡಲ್ಲ, ಹಳ್ಳಿ ಜನ ಉಳಿಸ್ಕೊಂಡು ಬಂದ ಕಾಡು ಅಂತ. ಏಪ್ರಿಲ್ ಬಿಸಿಲಲ್ಲಿ ಅಂಥ ಒಂದು ಕಾನಿಗೆ ಹೋಗಿದ್ದೆ, ಹೊರಗೆ ತರಗೆಲೆ ಚರಚರ ಅಂತಿತ್ತು, ಹತ್ತು ಹೆಜ್ಜೆ ಒಳಗಿಟ್ಟ ತಕ್ಷಣ ಕಾಲ ಕೆಳಗಿನ ಎಲೆ ಒದ್ದೆ, ಸದ್ದೇ ಇಲ್ಲ, ಕುತ್ತಿಗೆಯ ಬೆವರು ತಣ್ಣಗಾಯ್ತು. ಪಂಪ ನಂದನ ಅಂದಾಗ ರಾಜರ ತೋಟ ಅಂತಷ್ಟೇ ಅಂದ್ಕೊಂಡಿದ್ದೆ, ಅವತ್ತಿಂದ ನನಗೆ ಆ ಪದ ಬೇರೆ ಥರ ಕೇಳ್ಸುತ್ತೆ.

ಈ ನಾಡಿನ ಶಾಸನಗಳನ್ನ ಸಾಲಾಗಿ ಇಟ್ಟು ನೋಡಿದ್ರೂ ಇದೇ, ಜನ ಮಾಡಿ ಉಳಿಸ್ಕೊಂಡ ನೀರು-ನೆಲವೇ ಕಾಣುತ್ತೆ. ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಐದು ಹೆಡೆಯ ನಾಗರಕಲ್ಲು ಇದೆ, ಅದರ ಮೇಲಿನ ಪ್ರಾಕೃತ ಬರಹ ಹೇಳೋದು ಚುಟು ಮನೆತನದ ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರ ಮಾಡಿಸಿದ್ದನ್ನ, ಕಲ್ಲು ಕಡೆದ ಶಿಲ್ಪಿ ನಟಕನ ಹೆಸರೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಇದೆ, ಅದೂ ಕೆರೆ ಬಗ್ಗೆಯೇ. ತಾಳಗುಂದದ ಕಂಬದ ಶಾಸನ ನಾವೆಲ್ಲ ಓದೋದು ಮಯೂರಶರ್ಮ ಕಂಚಿಗೆ ಓದೋಕೆ ಹೋಗಿ ಪಲ್ಲವರ ಮೇಲೆ ಸಿಟ್ಟಾಗಿ ರಾಜ್ಯ ಕಟ್ಟಿದ ಕಥೆಗೆ, ಆದ್ರೆ ಕುಬ್ಜ ಅನ್ನೋ ಕವಿ ಆ ಸೊಗಸಾದ ಸಂಸ್ಕೃತ ಕಾವ್ಯ ಬರೆದಿದ್ದೇ ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಒಂದು ಕೆರೆ ಕಟ್ಟಿಸಿದ್ದಕ್ಕೆ. ಗುಡ್ನಾಪುರದಲ್ಲಿ, ಬನವಾಸಿಗೆ ಸ್ವಲ್ಪವೇ ದೂರ, ದೊಡ್ಡ ಕೆರೆಯ ದಡದಲ್ಲಿ ಅದೇ ಕದಂಬ ವಂಶದ ರವಿವರ್ಮನ ಶಾಸನ ಸಿಕ್ಕಿದೆ, ಬೆಳಕಿಗೆ ತಂದವರು ಬಿ.ಆರ್. ಗೋಪಾಲ್. ಅದ್ರಲ್ಲಿ ರವಿವರ್ಮ ಮನ್ಮಥನಿಗೆ ಆಲಯ ಕಟ್ಟಿಸಿದ ವಿಷಯ ಇದೆ. ಪಂಪನ 'ಮಧುಮಹೋತ್ಸವ' ಓದುವಾಗ ನನಗೆ ಆ ಕೆರೆ ದಡ ನೆನಪಾಗದೆ ಇರಲ್ಲ, ಮನ್ಮಥನ ಗುಡಿ ಇದ್ದ ನಾಡಲ್ಲಿ ವಸಂತದ ಹಬ್ಬ ಬರೀ ಕವಿಸಮಯ, ಅಂದ್ರೆ ಕವಿಗಳ ರೂಢಿಯ ಕಲ್ಪನೆ, ಹೇಗಾಗುತ್ತೆ?

ಇನ್ನು ಕುರ್ಕ್ಯಾಲದ ಬಂಡೆಗೇ ವಾಪಸ್ ಬನ್ನಿ. ಜಿನವಲ್ಲಭ ಅಲ್ಲಿ ಬಸದಿ ಕಟ್ಟಿಸಿದ, ಮದನವಿಳಾಸ ಅಂತ ಒಂದು ಬನ ಮಾಡಿಸಿದ, ಒಂದು ಕೆರೆ ತೋಡಿಸಿದ. ಆ ಕೆರೆಗೆ ಇಟ್ಟ ಹೆಸರು ಕವಿತಾಗುಣಾರ್ಣವ, ಅದು ಅಣ್ಣ ಪಂಪನ ಬಿರುದು. ಬಂಡೆಗಳ ಒಣನೆಲದಲ್ಲಿ ಒಂದು ಕೆರೆ, ಒಂದು ಬನ. ಅಣ್ಣನ ಬಾಯಲ್ಲಿ ಬನವಾಸಿ ಕೇಳಿ ಕೇಳಿ ತಮ್ಮ ಹೀಗೆ ಮಾಡಿದ ಅಂತ ಶಾಸನ ಹೇಳಲ್ಲ, ನಾನೂ ಅದು ಸತ್ಯ ಅಂತ ಸಾಧಿಸಲ್ಲ, ಆದ್ರೆ ಓದಿದಾಗ್ಲೆಲ್ಲ ಗಂಟಲು ಕಟ್ಟುತ್ತೆ.

ಈಗ ಹೋದ್ರೆ ಪಂಪನ ಬನವಾಸಿ ಕಾಣುತ್ತಾ ಅಂತ ಕೆಲವರು ಕೇಳ್ತಾರೆ. ಗದ್ದೆ ಬದಲು ಎಷ್ಟೋ ಕಡೆ ಅನಾನಸ್, ಅದು ಪೋರ್ಚುಗೀಸರ ಜೊತೆ ಬಂದ ಬೆಳೆ, ಪಂಪನಿಗೆ ಗೊತ್ತೇ ಇರ್ಲಿಲ್ಲ. ಕಾನುಗಳು ಕರಗ್ತಿವೆ, ಅಕೇಶಿಯಾ, ಶುಂಠಿ ಒಳಗೆ ಬರ್ತಿದೆ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಳೆಗಾಲದಲ್ಲಿ ಉಕ್ಕೋ ವರದೆ ಬೇಸಿಗೆಗೆ ಸೊರಗಿಹೋಗಿರ್ತಾಳೆ. ಹೋಗೋದಾದ್ರೆ ಮಾವು ಹೂ ಬಿಡೋ ಹೊತ್ತಿಗೆ ಹೋಗಿ, ಮಧುಕೇಶ್ವರನ ಗುಡಿಯಲ್ಲಿ ಆ ನಾಗರಕಲ್ಲು ನೋಡಿ, ಗೈಡ್ ಹೇಳದಿದ್ರೂ ಕೇಳಿ ನೋಡಿ, ಆಮೇಲೆ ಸಂಜೆ ಗುಡ್ನಾಪುರದ ಕೆರೆ ಏರಿ ಮೇಲೆ ಒಂದರ್ಧ ಗಂಟೆ ಕೂತ್ಕೊಳ್ಳಿ. ನಾನು ಹೋದಾಗ ಆಚೆ ದಡದ ಮಾವಿನ ತೋಪಲ್ಲಿ ಕೋಗಿಲೆ ಒಂದೇ ಸಮ ಕೂಗ್ತಿತ್ತು, ಈಚೆ ಕಡೆ ಒಬ್ಬರು ಅಜ್ಜ ಎಮ್ಮೆ ಮೈ ತೊಳೀತಾ ತಮ್ಮಷ್ಟಕ್ಕೆ ಏನೋ ಹಾಡ್ಕೋತಿದ್ರು.